ಸುಮ್ಮನೆ ಕೂತಿರುವ ಅಜ್ಜಿ

ಕೋಲಾರ ಜಿಲ್ಲೆಯ ಯಾವ ಸಭೆಗೆ ಹೋದರೂ ಭಾಷಣಕಾರರು ಒಂದೇ ಪಾಠ ಒಪ್ಪಿಸುತ್ತಾರೆ: ಇದು ಚಿನ್ನದ ನಾಡು, ಹಾಲು-ರೇಷ್ಮೆಯ ನಾಡು; ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ಹುಟ್ಟಿದರು, ಮುಳಬಾಗಿಲಿನಲ್ಲಿ ಡಿ.ವಿ.ಜಿ. ಹುಟ್ಟಿದರು. ಚಪ್ಪಾಳೆ. ಆ ಹಾಲು ಕರೆದವಳು, ಆ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದವಳು ಮಾತ್ರ ಸಭೆಯಲ್ಲಿ ಕಾಣುವುದಿಲ್ಲ. ಅತಿಥಿಗಳು ತಡವಾಗಿ ಬಂದು ದೀಪ ಬೆಳಗುವ ಹೊತ್ತಿಗೆ ಅವಳಿಗೆ ಡೇರಿಗೆ ಹಾಲು ಹಾಕುವ ಹೊತ್ತಾಗಿರುತ್ತದೆ.

ಈ ಅಜ್ಜಿಯನ್ನು ನೀವು ಖಂಡಿತ ನೋಡಿದ್ದೀರಿ. ತವರು ಹೆಂಚಿನ ಕಾರ್ಖಾನೆಗಳ ಮಾಲೂರು ಕಡೆ, ಕೊಟ್ಟಿದ್ದು ಮುಳಬಾಗಿಲು ಕಡೆ. ದೊಡ್ಡ ಮಗಳು ಶ್ರೀನಿವಾಸಪುರದಲ್ಲಿ, ಚಿಕ್ಕವಳು ಕೋಲಾರದಲ್ಲಿ. ಮೊಮ್ಮಕ್ಕಳನ್ನು ಮುದ್ದು ಮಾಡುವುದು ಕನ್ನಡದಲ್ಲಿ, ದುಡ್ಡು ಎಣಿಸುವುದು ತೆಲುಗಿನಲ್ಲಿ. ಗಂಡ ಸಣ್ಣ ವಯಸ್ಸಿಗೇ ತೀರಿಕೊಂಡರು. ಕೈಯಲ್ಲಿ ನಾಲ್ಕು ಮಕ್ಕಳು, ಮಳೆ ನಂಬಿದ ಹೊಲ. ಹೇಗೆ ಸಾಕಿದಿರಿ ಎಂದು ಕೇಳಿ ಕಣ್ಣೀರಿನ ಕಥೆಗೆ ಕಾದು ಕೂತರೆ ಸಿಗುವುದು ಇಷ್ಟೇ: "ಅವರು ಹೋದ್ರು. ಹಸು ಇತ್ತು."

"ಏನ್ ಮಾಡ್ತಿದೀಯಜ್ಜಿ?" ಎಂದರೆ ಉತ್ತರ, "ಏನಿಲ್ಲ ಕಣಪ್ಪಾ, ಸುಮ್ನೆ ಕೂತಿದೀನಿ." ಕೂತಿರುವುದು ನಿಜ. ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ ಇರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳನ್ನು ಒತ್ತಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಕಣ್ಣು ಅದರ ಮೇಲಿಲ್ಲ, ಬೀದಿಯ ಮೇಲಿದೆ. ಬಸ್ಸಿನಿಂದ ಯಾರಿಳಿದರು, ಯಾರ ಮನೆ ಮೇಕೆ ಯಾರ ಹಿತ್ತಲಿಗೆ ನುಗ್ಗಿತು, ಎಲ್ಲ ದಾಖಲಾಗುತ್ತಿರುತ್ತದೆ. ಒಂದು ಸೇರು ಅವರೆ ಮುಗಿಯುವುದರೊಳಗೆ ಒಂದು ಮದುವೆ ಮಾತುಕತೆ, ಒಂದು ಗಡಿ ವ್ಯಾಜ್ಯ ಇತ್ಯರ್ಥ.

ಹುಳ ಮೇಯಿಸುವ ದಿನಗಳಲ್ಲಿ ಅವಳ ಆಡಳಿತ ಇನ್ನೂ ಬಿಗಿ. ಸೆಂಟು ಹಾಕಿಕೊಂಡು ಬೆಂಗಳೂರಿನಿಂದ ಬಂದ ಮೊಮ್ಮಗನಿಗೆ ಒಳಗೆ ಪ್ರವೇಶವಿಲ್ಲ. ಮೊದಲು ಸ್ನಾನ, ಆಮೇಲೆ ಯೋಗಕ್ಷೇಮ. ರೇಷ್ಮೆ ಹುಳಕ್ಕೆ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಜ್ವರ ಬರುತ್ತದೆ, ಅಂದರೆ ಪೊರೆ ಬಿಡುತ್ತದೆ. ಆಗ ಅದಕ್ಕೆ ಸೊಪ್ಪು ಹಾಕಬಾರದು, ಅಲುಗಿಸಬಾರದು, ಪೂರ್ತಿ ವಿಶ್ರಾಂತಿ. ಅಜ್ಜಿಗೆ ಜ್ವರ ಬಂದರೆ ಈ ಸೌಲಭ್ಯ ಇಲ್ಲ. ತಲೆಗೊಂದು ಬಟ್ಟೆ ಬಿಗಿದುಕೊಂಡು ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕುತ್ತಾಳೆ. "ಅದು ಬಾಯಿಲ್ಲದ ಜೀವ, ಕೇಳೋಕೆ ಬರಲ್ಲ" ಅನ್ನುತ್ತಾಳೆ. ತಾನು ಬಾಯಿದ್ದೂ ಕೇಳಿದವಳಲ್ಲ.

ಡೇರಿಯಲ್ಲಿ ಒಂದು ದಿನ ಡಿಗ್ರಿ ಕಮ್ಮಿ ಬಂತು. ನೀರು ಬೆರೆಸಿದ್ದೀರಾ ಎಂದು ಸೆಕ್ರೆಟರಿ ಮೆಲ್ಲಗೆ ಕೇಳಿದ. ಅಜ್ಜಿ ಕ್ಯಾನು ಕೆಳಗಿಟ್ಟಳು. "1500 ಅಡಿ ಕೊರೆದ್ರೂ ಬರೀ ದೂಳು ಬರೋ ಊರಪ್ಪ ಇದು. ಬೆರೆಸೋಕೆ ನೀರೆಲ್ಲೈತೆ, ತೋರ್ಸು, ಬಿಂದಿಗೆ ತರ್ತೀನಿ." ಅವತ್ತು ಹಾಲು ಪಾಸಾಯಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣವಾಗಿ ಕೋಲಾರದ ಕೆರೆಗಳಿಗೆ ಬಂದಾಗ ಪರ-ವಿರೋಧದ ಚರ್ಚೆ ಜೋರಾಗಿಯೇ ನಡೆಯಿತು. ಅಜ್ಜಿಯದು ಒಂದೇ ಮಾತು: "ನಮ್ಮ ಹಾಲು ಅವರು ಕುಡೀತಾರೆ, ಮಿಂದ ನೀರು ನಮಗೆ ಕಳಿಸ್ತಾರೆ. ಲೆಕ್ಕ ಇನ್ನೂ ಸರಿಹೋಗಿಲ್ಲ."

ಮಗನ ದಾರಿ ಬೇರೆ. ಅವನದು ಬೋರು ಮತ್ತು ಟೊಮೆಟೊ, ಅಂದರೆ ಲಾಟರಿ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿದ್ದೇ ತಡ, ಅವನೂ ನಾಟಿ ಮಾಡಿಸಿದ. "ಊರೆಲ್ಲ ಹಾಕಿದ್ರೆ ರೇಟು ಯಾರಪ್ಪನ ಮನೇದು?" ಎಂದು ಅಜ್ಜಿ ಕೇಳಿದಳು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತು. ಆಳಿನ ಕೂಲಿಗೆ ಹಾಲಿನ ಬಟವಾಡೆಯ ದುಡ್ಡು ಹೊರಬಂತು. ಪ್ರತಿ ಬೋರಿಗೂ ಅವಳ ಓಲೆ ಅಡವಿಗೆ ಹೋಗಿದೆ, ಬಿಡಿಸಿಕೊಂಡು ಬಂದಿದೆ. ಕೆ.ಜಿ.ಎಫ್. ಗಣಿ 2001ರಲ್ಲೇ ಮುಚ್ಚಿತು. ಅಲ್ಲಿಂದಾಚೆ ಜಿಲ್ಲೆಯಲ್ಲಿ ದುಡಿಯುತ್ತಿರುವ ಚಿನ್ನ ಇಂಥ ಓಲೆಗಳದ್ದೇ ಎಂದು ನನ್ನ ಅಂದಾಜು.

ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ, ಕಂಡಕ್ಟರ್ ಜೊತೆ ಜಗಳವಾಡುವ ಸುಖ ತಪ್ಪಿತಲ್ಲ ಎಂದು ಅಜ್ಜಿಗೆ ಸ್ವಲ್ಪ ಬೇಜಾರಾಗಿತ್ತು. ಮಾವಿನ ಕಾಲದಲ್ಲಿ ಅದು ನೀಗಿತು. ಶ್ರೀನಿವಾಸಪುರದ ಮಗಳ ಮನೆಯಿಂದ ಉಪ್ಪಿನಕಾಯಿಗೆಂದು ಮೂಟೆ ಕಾಯಿ ತರುವಾಗ ಕಂಡಕ್ಟರ್ ಲಗೇಜು ಕೇಳಿದ. "ಮೂಟೇನೂ ಹೆಂಗಸೇ ಅನ್ಕೊಳಪ್ಪ" ಎಂದಳು. ಹಿಂದಿನ ಸೀಟಿನವರೆಗೂ ನಗು. ಲಗೇಜು ಮಾತ್ರ ಕೊಡಲೇಬೇಕಾಯಿತು.

ಓದು ಬರಹ ಇಲ್ಲ. ಕೊಟ್ಟ ಕೈಸಾಲದ ಲೆಕ್ಕವೆಲ್ಲ ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನ ಗೆರೆ. ಒಂದು ಯುಗಾದಿಗೆ ಮಗ ಕೇಳದೆ ಸುಣ್ಣ ಹೊಡೆಸಿಬಿಟ್ಟ. ಸಾಲಗಾರರು ಅವತ್ತು ಹೋಳಿಗೆಯನ್ನು ಎಂದಿಗಿಂತ ಹೆಚ್ಚು ಸವಿದಿರಬೇಕು. ಮಾರನೆಯ ಬೆಳಿಗ್ಗೆ ಅಜ್ಜಿ ಮನೆಮನೆಗೂ ಹೋಗಿ ಎಲ್ಲವನ್ನೂ ಬಾಯಲ್ಲೇ ಒಪ್ಪಿಸಿ ಬಂದಳು, ಬಡ್ಡಿ ಸಮೇತ.

ಇಂಥ ಅಜ್ಜಿಯರು ಹೋಗುವುದೂ ಅನುಕೂಲ ನೋಡಿಯೇ. ಹುಳ ಹಣ್ಣಾಗಿ, ಚಂದ್ರಿಕೆ ಏರಿ, ಗೂಡು ಮಾರ್ಕೆಟ್ಟಿಗೆ ಹೋಗಿ ದುಡ್ಡು ಬಂದ ಮೇಲೆಯೇ ಹಾಸಿಗೆ ಹಿಡಿದಳು. ಹನ್ನೊಂದನೇ ದಿನದ ತಿಥಿಗೆ ಊರೇ ಬಂದಿತ್ತು. ಊಟ ಮುಗಿದರೂ ಕೆಲವರು ಜಗಲಿ ಬಿಟ್ಟು ಏಳಲಿಲ್ಲ. ಕೊನೆಗೆ ಒಬ್ಬರು ಗಂಟಲು ಸರಿಮಾಡಿಕೊಂಡು ಸೊಸೆಯನ್ನು ಕೇಳಿದರು: "ಹೋಗೋಕೆ ಮುಂಚೆ ಅಜ್ಜಿ ಏನಾದ್ರೂ ಹೇಳಿದ್ರೇನಮ್ಮ?"

ಸೊಸೆ ಅತ್ತೆಯ ಎದುರು ಒಂದು ದಿನವೂ ದನಿ ಎತ್ತಿದವಳಲ್ಲ. ಕಡೆಯ ಎರಡು ದಿನ ಅಜ್ಜಿಗೆ ಮಾತೇ ನಿಂತಿತ್ತು ಎಂಬುದು ಅವಳಿಗಲ್ಲದೆ ಇನ್ನಾರಿಗೆ ಗೊತ್ತು? ಎಲೆ ಎತ್ತುತ್ತಿದ್ದವಳು ತಲೆ ಎತ್ತದೆ ಹೇಳಿದಳು, "ಎಲ್ಲಾ ಹೇಳವ್ರಣ್ಣ. ಯಾರ್ಯಾರು, ಎಷ್ಟೆಷ್ಟು ಅಂತ."

ಕತ್ತಲಾಗುವುದರೊಳಗೆ ಹಿತ್ತಲ ಬಾಗಿಲಿಗೆ ಮೂವರು ಬಂದು ಹೋದರು. ಕೊನೆಯವರು ನೋಟುಗಳನ್ನು ಎರಡು ಸಲ ಎಣಿಸಿ ಸೊಸೆಯ ಕೈಗಿಟ್ಟು, ದನಿ ತಗ್ಗಿಸಿ ಅಂದರು: "ಬಡ್ಡೀನೂ ಸೇರಿಸಿದೀನಿ. ಅಜ್ಜಿಗೆ ಹೇಳ್ಬಿಡಮ್ಮ."