ಮೂರನೆಯ ತಂತಿ

ನನ್ನ ಷಡ್ಡಕರು ವಿಮಾನ ಹತ್ತಿದ್ದು ಜೀವಮಾನದಲ್ಲಿ ಎರಡೇ ಸಲ, ಎರಡು ಸಲವೂ ಕಿವಿಗೆ ಹತ್ತಿ ಇಟ್ಟುಕೊಂಡು. ಸಮುದ್ರಕ್ಕೆ ಇಳಿದದ್ದು ಮಲ್ಪೆಯಲ್ಲಿ, ಪಂಚೆ ಎತ್ತಿ ಕಟ್ಟಿ, ಮೊಣಕಾಲಿನವರೆಗೆ. ಇಂಥವರು ದಿನಾ ರಾತ್ರಿ ಒಂಬತ್ತೂವರೆಗೆ ಮಜ್ಜಿಗೆ ಅನ್ನ ಉಂಡು, ಕೈ ತೊಳೆದು, ಮೈಸೂರಿನ ಸರಸ್ವತೀಪುರದ ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು, ಅಮೆರಿಕದ ನೌಕಾಪಡೆಯ ಹಾರ್ನೆಟ್ ವಿಮಾನವನ್ನು ನಡುಗಡಲಲ್ಲಿ ಓಡುತ್ತಿರುವ ಹಡಗಿನ ಮೇಲೆ ಇಳಿಸುತ್ತಾರೆ. ಇಳಿಸುತ್ತಾರೆ ಅನ್ನುವುದು ನೆಂಟಸ್ತಿಕೆಯ ದಾಕ್ಷಿಣ್ಯಕ್ಕೆ ಆಡಿದ ಮಾತು. ಮೊದಲ ಎರಡು ತಿಂಗಳು ಅವರು ಹಡಗೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಇಳಿಸಿದರು. ಹಿಂಭಾಗಕ್ಕೆ ಗುದ್ದಿದರು, ಪಕ್ಕದ ನೀರಿಗೆ ಬಿದ್ದರು, ಒಮ್ಮೆ ಬೆಂಗಾವಲಿಗೆ ಬಂದಿದ್ದ ಬೇರೊಂದು ಹಡಗಿನ ನೆತ್ತಿಗೇ ಹೋಗಿ ಕೂತರು.

ನಿವೃತ್ತರಲ್ಲಿ ಹಲವು ಪಂಗಡ. ಬೆಳಗಾದರೆ ಕುಕ್ಕರಹಳ್ಳಿ ಕೆರೆ ಸುತ್ತುವವರು, ದೇವಸ್ಥಾನದ ಸಮಿತಿ ಸೇರಿ ಜಗಳ ಕಾಯುವವರು, ಹೋಮಿಯೋಪತಿ ಪೆಟ್ಟಿಗೆ ಹಿಡಿದು ಕೆಮ್ಮುವ ನೆಂಟರನ್ನು ಹುಡುಕುವವರು. ನಮ್ಮ ಷಡ್ಡಕರದು ಇವು ಯಾವುದೂ ಅಲ್ಲ. ಯಾವ ಜನ್ಮಕ್ಕೂ ಕೆಲಸಕ್ಕೆ ಬಾರದ ಒಂದು ವಿದ್ಯೆ ಹಿಡಿದು, ನಾಳೆಯೇ ಪೋಸ್ಟಿಂಗ್ ಆರ್ಡರ್ ಬರಲಿದೆ ಎಂಬಂತೆ ಕಲಿಯುವ ಪಂಗಡ ಅವರದು. ಹಿಂದೊಮ್ಮೆ ಪಂಚಾಂಗ ಗಣಿತ ಹಿಡಿದಿದ್ದರು. ಗ್ರಹಣದ ಸ್ಪರ್ಶಕಾಲವನ್ನು ತಾವೇ ಲೆಕ್ಕ ಹಾಕಿ, ಪತ್ರಿಕೆಯಲ್ಲಿ ಬಂದದ್ದಕ್ಕೂ ಅದಕ್ಕೂ ನಾಲ್ಕು ನಿಮಿಷ ವ್ಯತ್ಯಾಸ ಕಂಡಾಗ, ಪತ್ರಿಕೆಯನ್ನು ಕ್ಷಮಿಸಿದರು.

ಈಗಿನದು ಮಗನಿಂದ ಬಂತು. ಅಮೆರಿಕದಿಂದ ರಜಕ್ಕೆ ಬಂದವನು ಡಿಸಿಎಸ್ ಎಂಬ ಸಿಮ್ಯುಲೇಟರನ್ನು ಕಂಪ್ಯೂಟರಿಗೆ ಹಾಕಿ, ಒಂದು ಜಾಯ್‌ಸ್ಟಿಕ್ಕನ್ನೂ ಥ್ರಾಟಲನ್ನೂ ಬಿಟ್ಟುಹೋದ. ಅಪ್ಪನ ಹೊತ್ತು ಹೋಗಲಿ ಎಂದು ಬಿಟ್ಟುಹೋದನೋ, ಸೂಟ್‌ಕೇಸಿನ ತೂಕ ಮಿಕ್ಕಿತೆಂದೋ, ನನಗೆ ಇನ್ನೂ ಅನುಮಾನ. ‘ಗೇಮು ಹೇಗೆ ನಡೀತಿದೆ?’ ಎಂದು ಒಮ್ಮೆ ಕೇಳಿ ನಾನು ಆ ವಾರದ ಕಾಫಿ ಕಳೆದುಕೊಂಡೆ.

ವಿದ್ಯೆಯ ತಿರುಳು ಇಷ್ಟು. ಅವರು ಆರಿಸಿಕೊಂಡ ಥಿಯೋಡರ್ ರೂಸ್‌ವೆಲ್ಟ್ ಹಡಗಿನ ಅಟ್ಟದ ಮೇಲೆ ಅಡ್ಡಕ್ಕೆ ನಾಲ್ಕು ಉಕ್ಕಿನ ತಂತಿಗಳು. ಗಂಟೆಗೆ ಸುಮಾರು 250 ಕಿಲೋಮೀಟರ್ ವೇಗದಲ್ಲಿ ಬರುವ ವಿಮಾನದ ಬಾಲದ ಕೊಕ್ಕೆ ಅವುಗಳಲ್ಲೊಂದಕ್ಕೆ ಸಿಕ್ಕಿಕೊಂಡರೆ, ಸುಮಾರು 100 ಮೀಟರಿನೊಳಗೆ, ಎರಡು ಮೂರು ಸೆಕೆಂಡಿನಲ್ಲಿ ಸವಾರಿ ನಿಲ್ಲುತ್ತದೆ. ಮೂರನೆಯ ತಂತಿ ಸಿಕ್ಕರೆ ಉತ್ತಮ. ಒಂದನೆಯದು ಸಿಕ್ಕರೆ ಹಡಗಿನ ಹಿಂಬದಿಯ ಅಂಚಿಗೆ ಮೈ ಸವರಿಕೊಂಡು ಬಂದಿದ್ದೀರಿ ಎಂದರ್ಥ. ನಾಲ್ಕೂ ತಪ್ಪಿದರೆ ಬೋಲ್ಟರ್. ಮತ್ತೆ ಹಾರಿ, ಮತ್ತೆ ಸುತ್ತಿ, ಮತ್ತೆ ಬನ್ನಿ. ಅದಕ್ಕೇ ಚಕ್ರ ತಾಗಿದ ಕ್ಷಣವೇ ಎಂಜಿನ್ನಿಗೆ ಪೂರ್ತಿ ಬಲ ಕೊಡಬೇಕು, ತಂತಿ ಸಿಕ್ಕಿತೋ ಇಲ್ಲವೋ ಎಂದು ನೋಡುತ್ತ ಕೂರುವಷ್ಟು ಹಡಗು ಮುಂದೆ ಇರುವುದಿಲ್ಲ. ಮುಟ್ಟಿದೊಡನೆ ಬ್ರೇಕಿಗೆ ಕಾಲು ಹೋಗುವುದು ಮನುಷ್ಯನ ಜಾಯಮಾನ. ಅದನ್ನು ಬಿಡಿಸಿಕೊಳ್ಳಲು ಷಡ್ಡಕರಿಗೆ ಮೂರು ವಾರ ಹಿಡಿಯಿತು. ಆ ಮೂರು ವಾರ ಸ್ಕೂಟರ್ ಮುಟ್ಟಕೂಡದೆಂದು ಅತ್ತಿಗೆ ಕೀಲಿಕೈಯನ್ನು ಅಕ್ಕಿ ಡಬ್ಬದೊಳಗೆ ಇಟ್ಟಿದ್ದರು.

ಅವರು ತಂತಿ ಇಲಾಖೆಗೆ ಸೇರಿದವರು. ಕಟ್ಟುಕಡೆ, ಗಟ್ಟಕಡೆ ಎಂದು ಮೋರ್ಸ್ ಕುಟ್ಟಿ, ಮೇಲ್ವಿಚಾರಕರಾಗಿ, ದೂರವಾಣಿಯ ಕಡೆಗೆ ಸರಿದು ನಿವೃತ್ತರಾದರು. 2013ರ ಜುಲೈಯಲ್ಲಿ ದೇಶದ ತಂತಿ ಸೇವೆ ನಿಂತಾಗ ಒಂದು ದಿನ ಊಟ ಬಿಟ್ಟಿದ್ದರು. ‘ತಂತಿಯಲ್ಲೇ ಬದುಕಿದವನು ನಾನು, ನಾಲ್ಕು ತಂತಿ ಯಾವ ಲೆಕ್ಕ?’ ಎಂದು ಅವರು ಮೊದಮೊದಲು ಹೇಳುತ್ತಿದ್ದದ್ದುಂಟು. ನಡುಮನೆಯಲ್ಲಿ ಎರಡು ಹುಡುಗಿಯರಿಗೆ ವೀಣೆ ಹೇಳಿಕೊಡುವ ಅತ್ತಿಗೆ ಅದನ್ನು ಕೇಳಿಸಿಕೊಂಡು, ‘ನನ್ನದರಲ್ಲೂ ನುಡಿಸುವ ತಂತಿ ನಾಲ್ಕೇ. ಮೂರನೆಯದು ಮಂದ್ರ. ಅದರ ಮೇಲೆ ಬೆರಳು ಸರಿಯಾಗಿ ಕೂರುವುದಕ್ಕೆ ನನಗೆ ಎರಡು ವರ್ಷ ಬೇಕಾಯಿತು,’ ಎಂದರು. ಅಂದಿನಿಂದ ಷಡ್ಡಕರು ಆ ಮಾತು ಎತ್ತಿಲ್ಲ.

ತೊಡಕು ತಂತಿಯದಲ್ಲ, ಉಂಡೆಯದು. ಹಡಗಿನ ಎಡಬದಿಯಲ್ಲಿ ದೀಪಗಳ ಒಂದು ಯಂತ್ರವಿದೆ. ಅಡ್ಡಲಾಗಿ ಹಸಿರು ದೀಪಗಳ ಸಾಲು, ನಡುವೆ ಮೇಲೆ ಕೆಳಗೆ ಆಡುವ ಹಳದಿ ಬೆಳಕು. ಬೆಳಕು ಸಾಲಿನ ಮಟ್ಟದಲ್ಲಿದ್ದರೆ ದಾರಿ ಸರಿ, ಮೇಲಿದ್ದರೆ ನೀವು ಎತ್ತರ, ಕೆಳಗಿದ್ದರೆ ತಗ್ಗು, ಕೆಂಪಾದರೆ ದೇವರೇ ಗತಿ. ನೌಕಾಪಡೆಯವರು ಇದನ್ನು ಮೀಟ್‌ಬಾಲ್ ಎನ್ನುತ್ತಾರೆ. ಈರುಳ್ಳಿಯೂ ಸೋಮವಾರ ಒಳಬರದ ಮನೆಯಲ್ಲಿ ಈ ಹೆಸರು ಹೇಳುವುದು ಹೇಗೆ? ಷಡ್ಡಕರು ಅದಕ್ಕೆ ನುಚ್ಚಿನುಂಡೆ ಎಂದು ಹೆಸರಿಟ್ಟರು. ‘ಉಂಡೆ ಏರ್ತಿದೆ, ಉಂಡೆ ಏರ್ತಿದೆ... ಅಯ್ಯೋ, ಜಾರ್ತು!’ ಎಂದು ರಾತ್ರಿ ಹತ್ತು ಗಂಟೆಗೆ ಆ ಕೋಣೆಯಿಂದ ಕೂಗು ಕೇಳಿದರೆ, ಮೇಲಿನ ಮನೆಗೆ ಹೊಸದಾಗಿ ಬಂದ ಬಾಡಿಗೆಯವರು ಏನೆಂದುಕೊಂಡಾರು ಎಂಬ ಚಿಂತೆ ಅತ್ತಿಗೆಯದು.

ಉಂಡೆಯನ್ನು ಮೇಲಕ್ಕೆತ್ತಲು ಮೂತಿ ಎತ್ತಬಾರದು, ಥ್ರಾಟಲ್ ಆಡಿಸಬೇಕು. ಮೂತಿ ಒಂದೇ ಕೋನದಲ್ಲಿ ನಿಲ್ಲಬೇಕು; ಗಾಳಿಗೂ ರೆಕ್ಕೆಗೂ ನಡುವಣ ಕೋನ ಹಾರ್ನೆಟ್ಟಿಗೆ 8.1 ಡಿಗ್ರಿ. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಷಡ್ಡಕರ ಮುಖ ಸಾರಿಗೆ ಉಪ್ಪು ಮರೆತವರ ಹಾಗಾಗುತ್ತದೆ. ಕೊನೆಯ ನೇರ ಹಾದಿಗೆ ಸಿಗುವುದು 15ರಿಂದ 18 ಸೆಕೆಂಡು. ಆ ಹೊತ್ತಿನಲ್ಲಿ ಅವರ ಎಡಗೈ ಥ್ರಾಟಲ್ ಮೇಲೆ ಹಿಂದೆ ಮುಂದೆ ಹಿಂದೆ ಮುಂದೆ ಆಡುವುದನ್ನು ಬಾಗಿಲಲ್ಲಿ ನಿಂತು ನೋಡಿದರೆ, ಒಬ್ಬಟ್ಟಿಗೆ ಹೂರಣ ರುಬ್ಬುತ್ತಿದ್ದಾರೆ ಎಂದೇ ಅನಿಸಬೇಕು.

ಈ ದೀಪಯಂತ್ರದ ಮೂಲ ಒಂದು ಕನ್ನಡಿ. 1950ರ ದಶಕದ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆಯ ನಿಕೊಲಸ್ ಗುಡ್‌ಹಾರ್ಟ್ ಎಂಬಾತ ಕಾರ್ಯದರ್ಶಿಯ ಕೈಗನ್ನಡಿಯ ಮೇಲೆ ಲಿಪ್‌ಸ್ಟಿಕ್ಕಿನಿಂದ ಗೆರೆ ಎಳೆದು ತತ್ತ್ವವನ್ನು ತೋರಿಸಿಕೊಟ್ಟನೆಂಬ ಕಥೆಯುಂಟು. ಷಡ್ಡಕರು ನಮಗೆ ತೋರಿಸಿದ್ದು ಅತ್ತಿಗೆಯ ಕನ್ನಡಿಯ ಮೇಲೆ ಕುಂಕುಮದಿಂದ. ಶುಕ್ರವಾರವೇ ಆಗಬೇಕಿತ್ತೆ?

ಮದುವೆ ಮನೆಯಲ್ಲಿ ಅವರ ಪಕ್ಕದ ಎಲೆಗೆ ಕೂರುವ ಧೈರ್ಯ ಈಗ ಯಾರಿಗೂ ಇಲ್ಲ. ಕಳೆದ ಸಲ ಸಿಕ್ಕಿಬಿದ್ದವನು ನಾನು. ಬಾಳೆ ಎಲೆಯೇ ಹಡಗು, ಹಪ್ಪಳದ ಚೂರು ವಿಮಾನ, ಕೋಸಂಬರಿ ನಿಲ್ಲಿಸಿಟ್ಟ ಬೇರೆ ವಿಮಾನಗಳು. ‘ಹಿಂದೆ ಅಟ್ಟ ನೇರವಾಗಿತ್ತು. ತಂತಿ ತಪ್ಪಿದವನು ಹೋಗಿ ಸೀದಾ ಕೋಸಂಬರಿಗೆ ನುಗ್ಗುತ್ತಿದ್ದ. ಡೆನಿಸ್ ಕ್ಯಾಂಬೆಲ್ ಎಂಬ ಬ್ರಿಟಿಷ್ ಅಧಿಕಾರಿ, ಇಳಿಯುವ ಪಟ್ಟಿಯನ್ನು ಓರೆ ಮಾಡಿ ಎಂದ. ತಪ್ಪಿದರೆ ಮುಂದೆ ಬರೀ ಸಮುದ್ರ, ಹಾರಿಬಿಡಬಹುದು,’ ಎನ್ನುತ್ತ ಎಲೆಯನ್ನೇ ಒಂಬತ್ತು ಡಿಗ್ರಿ ಓರೆ ಮಾಡಿದರು. ಬಡಿಸುತ್ತಿದ್ದವನು ಪಾಯಸವನ್ನು ಸಮುದ್ರಕ್ಕೆ ಹಾಕಿದ. ಅಷ್ಟಕ್ಕೂ ನಿಲ್ಲಲಿಲ್ಲ. 1911ರ ಜನವರಿ 18ರಂದು ಯೂಜೀನ್ ಎಲಿ ಎಂಬವನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ನಿಂತಿದ್ದ ಹಡಗಿನ ಮೇಲೆ ಮೊದಲ ಬಾರಿಗೆ ಇಳಿದ ಕಥೆ ಬಂತು. ಎರಡೂ ತುದಿಗೆ ಮರಳಿನ ಚೀಲ ಕಟ್ಟಿದ ಹಗ್ಗಗಳೇ ಆಗಿನ ತಂತಿ. ನೀರಿಗೆ ಬಿದ್ದರೆ ತೇಲಲೆಂದು ಆತ ಮೈಗೆ ಸುತ್ತಿಕೊಂಡಿದ್ದದ್ದು ಸೈಕಲ್ ಟ್ಯೂಬು. ಟ್ಯೂಬಿನ ಮಾತಿಗೆ ಎದುರು ಸಾಲಿನ ಹುಡುಗರೆಲ್ಲ ಕಿವಿ ನಿಮಿರಿಸಿದರು; ನಾನು ಆ ಸಂದಿನಲ್ಲಿ ಹೋಳಿಗೆ ಮುಗಿಸಿದೆ.

ಅಮೆರಿಕದ ಹಡಗೇ ಯಾಕೆ, ನಮ್ಮ ವಿಕ್ರಮಾದಿತ್ಯ ಇಲ್ಲವೇ ಎಂದು ಕೇಳುವವರಿಗೆ ಅವರ ಉತ್ತರ ಸಿದ್ಧ: ‘ನಮ್ಮದರಲ್ಲಿ ಮೂರೇ ತಂತಿ. ಅಭ್ಯಾಸಕ್ಕೆ ಸಾಲದು.’ ಹೀಗೆಂದರೂ ಆ ಹಡಗಿನ ಮೇಲೆ ಅಕ್ಕರೆ ಕಡಿಮೆಯಿಲ್ಲ. ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ಅದರ ಮೇಲೆ ಮೊದಲ ಸಲ ತಂತಿ ಹಿಡಿದು ನಿಂತದ್ದು 2020ರ ಜನವರಿ 11ರಂದು. ಪ್ರತಿವರ್ಷ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಸುತ್ತು ಹಾಕುತ್ತಾರೆ. ಅತ್ತಿಗೆ ಅದನ್ನು ಯಾರದೋ ತಿಥಿ ಎಂದುಕೊಂಡು ಎಳ್ಳು ತರಿಸಿದ್ದರು. ವಿಕ್ರಮಾದಿತ್ಯದ ನೆಲೆ ಕಾರವಾರದ ಸೀಬರ್ಡ್ ಎಂದು ತಿಳಿದ ಮೇಲೆ ಅಲ್ಲಿಗೂ ಹೋಗಿಬಂದರು. ನೆಲೆಯ ಗೋಡೆಯನ್ನು ಬಸ್ಸಿನ ಕಿಟಕಿಯಿಂದ ನೋಡಿ, ಕಡಲತೀರದ ಮ್ಯೂಸಿಯಮ್ಮಿನಲ್ಲಿರುವ ಚಪಲ್ ನೌಕೆಯನ್ನು ಹತ್ತಿ ಇಳಿದು, ‘ಇದರ ಮೇಲೆ ಆಗುವುದಿಲ್ಲ, ಚಿಕ್ಕದು,’ ಎಂದು ಷರಾ ಬರೆದು ಬಂದರು.

ಷರಾ ಎಂದೆನಲ್ಲ, ಅವರನ್ನು ಆ ಕುರ್ಚಿಗೆ ಕಟ್ಟಿಹಾಕಿರುವುದು ಹಾರಾಟವಲ್ಲ, ಷರಾ. ಹಡಗಿನ ಅಂಚಿನಲ್ಲಿ ನಿಂತು ಪ್ರತಿ ಇಳಿತವನ್ನೂ ನೋಡಿ ದರ್ಜೆ ಬರೆಯುವ ಅಧಿಕಾರಿ ಇರುತ್ತಾನೆ, ಅವನಿಗೆ ಪ್ಯಾಡಲ್ಸ್ ಎಂದು ಅಡ್ಡಹೆಸರು. ಸಿಮ್ಯುಲೇಟರಿನಲ್ಲೂ ಇದ್ದಾನೆ. ಅವನ ವರದಿ ತಂತಿಯ ಭಾಷೆಯಲ್ಲೇ ಬರುತ್ತದೆ: ಎತ್ತರಕ್ಕೊಂದು ಅಕ್ಷರ, ನಿಧಾನಕ್ಕೆ ಮೂರು, ಆರಂಭದಲ್ಲೋ ನಡುವೆಯೋ ಅಂಚಿನಲ್ಲೋ ಎಂಬುದಕ್ಕೆ ಇನ್ನೊಂದೆರಡು. ಪದಕ್ಕಿಷ್ಟು ಕಾಸು ಕೊಟ್ಟು ಕಳಿಸಿದಂತೆ ಬಿಗಿ. ನಾವು ಕಣ್ಣು ಬಿಡುತ್ತಿದ್ದರೆ ಷಡ್ಡಕರು ಕುಮಾರವ್ಯಾಸ ಭಾರತ ಓದುವವರಂತೆ ಸರಾಗ ಓದಿ ಅರ್ಥ ಹೇಳುತ್ತಾರೆ. ದರ್ಜೆಯಲ್ಲಿ ಓಕೆ ಎಂದರೆ ಚೆನ್ನಾಗಿ ಇಳಿದೆ. ಅಡಿಗೆರೆ ಹಾಕಿದ ಓಕೆ ಪುಣ್ಯವಂತರಿಗೆ. ಓಕೆಯ ಸುತ್ತ ಕಂಸ ಹಾಕಿದ್ದರೆ ಪರವಾಗಿಲ್ಲ, ಅಷ್ಟೆ.

ಒಂದು ವರ್ಷ ನಾಲ್ಕು ತಿಂಗಳು ಅವರಿಗೆ ಸಿಕ್ಕಿದ್ದು ಕಂಸದೊಳಗಿನ ಓಕೆಯೇ. ಅದರ ನೋವು ಅರ್ಥವಾಗಬೇಕಾದರೆ ಅವರ ಕೈಕೆಳಗೆ ದುಡಿದವರನ್ನು ಕೇಳಬೇಕು. ಮೇಲ್ವಿಚಾರಕರಾಗಿದ್ದಷ್ಟು ಕಾಲವೂ ಅವರು ಯಾರ ಗೌಪ್ಯ ವರದಿಯಲ್ಲೂ ‘ಅತ್ಯುತ್ತಮ’ ಎಂದು ಬರೆದವರಲ್ಲ. ‘ತೃಪ್ತಿಕರ’ ಎಂಬುದೇ ಅವರ ಲೇಖನಿಯ ಶಿಖರ.

ಕಳೆದ ಕಾರ್ತಿಕದ ಒಂದು ರಾತ್ರಿ ಅಲ್ಲೇ ಇದ್ದೆ. ನಡುಮನೆಯಲ್ಲಿ ಅತ್ತಿಗೆ ಮಂದ್ರದ ಬಿರಡೆ ತಿರುವುತ್ತಿದ್ದರು. ಕೋಣೆಯಲ್ಲಿ ಉಂಡೆ ಮಟ್ಟದಲ್ಲೇ ನಿಂತಿತ್ತು, ಕೂಗಿಲ್ಲ. ಧಡ್ ಎಂದಿತು. ಪರದೆಯ ಮೇಲೆ ಅಕ್ಷರ ಮೂಡಿತು: ಮೂರನೆಯ ತಂತಿ, ಓಕೆ. ಕಂಸವಿಲ್ಲ. ಅತ್ತಿಗೆಯನ್ನು ಕೂಗಿದೆ, ಅವರು ಬಂದು, ಕನ್ನಡಕ ಹಾಕಿಕೊಂಡು ನೋಡಿ, ‘ಅಂತೂ ಬಂತಲ್ಲ,’ ಎಂದರು.

ಷಡ್ಡಕರು ಮಾತಾಡಲಿಲ್ಲ. ರಿಪ್ಲೇ ಹಾಕಿ ಎರಡು ಸಲ ನೋಡಿದರು. ‘ಇಲ್ಲಿ, ನಡುವೆ, ಒಂದು ಕ್ಷಣ ಉಂಡೆ ತಗ್ಗಿತ್ತು. ಅವನು ಗಮನಿಸಿಲ್ಲ,’ ಎಂದರು. ಆಮೇಲೆ ತಮ್ಮ ಉದ್ದನೆಯ ಲೆಡ್ಜರ್ ತೆಗೆದು, ದಿನಾಂಕ ಹಾಕಿ, ಓಕೆ ಎಂದು ದುಂಡಗೆ ಬರೆದು, ಪೆನ್ನು ಎತ್ತದೆ ತುಸು ಹೊತ್ತು ಕೂತು, ಅದರ ಎರಡೂ ಪಕ್ಕಕ್ಕೆ ಕಂಸ ಹಾಕಿದರು.