ಓಡಿಹೋದ ತಾಲ್ಲೂಕು

ಕ್ಯೂಬಾದ ನಾಯಕರಿಗೆ ರಾಜಕಾರಣ ಗೊತ್ತಿರಲಿಲ್ಲ. 1952ರ ಮಾರ್ಚ್ 10ರಂದು ಮಾಜಿ ಅಧ್ಯಕ್ಷ ಬಟಿಸ್ಟಾ ಸೈನ್ಯ ಕಟ್ಟಿಕೊಂಡು ಅಧಿಕಾರ ಕಸಿದ; ಅಧ್ಯಕ್ಷ ಪ್ರಿಯೊ ದೇಶ ಬಿಟ್ಟ. 1959ರ ಹೊಸ ವರ್ಷದ ನಸುಕಿನಲ್ಲಿ ಅದೇ ಬಟಿಸ್ಟಾ ವಿಮಾನ ಹತ್ತಿ ಪರಾರಿಯಾದ. ಪಾಪ, ಕುರ್ಚಿ ಅಲುಗಿದರೆ ತಾವೇ ಓಡಬೇಕೆಂದು ತಿಳಿದಿದ್ದರು! ನಮ್ಮ ನಾಯಕರು ಕೂತಲ್ಲಿಂದ ಕದಲುವುದಿಲ್ಲ, ತಾಲ್ಲೂಕನ್ನೇ ಓಡಿಸುತ್ತಾರೆ.

ಹರಪನಹಳ್ಳಿಯ ಜಾತಕ ನೋಡಿ. 1953ರ ಸೆಪ್ಟೆಂಬರ್ 30ರ ರಾತ್ರಿ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಯ ಜನ ಮದ್ರಾಸ್ ರಾಜ್ಯದಲ್ಲಿ ಮಲಗಿ, ಬೆಳಗ್ಗೆ ಮೈಸೂರು ರಾಜ್ಯದಲ್ಲಿ ಎದ್ದರು. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಪಾಲಾದವು. ಬಳ್ಳಾರಿ ಕನ್ನಡಿಗರಿಗೆ ದಕ್ಕಿದ್ದು ಹೋರಾಟದಿಂದ; ಅದಕ್ಕೆ ನಗುವ ಹಾಗಿಲ್ಲ. ನಗು ಬರುವುದು ಆಮೇಲಿನದಕ್ಕೆ.

1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ಅಲ್ಲಿಗೆ ನೆಟ್ಟರು. ಹತ್ತಿರದ ಊರು, ಒಳ್ಳೆಯದೇ ಆಯಿತೆಂದರು. 2012ರಲ್ಲಿ ಬಳ್ಳಾರಿ ಜಿಲ್ಲೆಗೂ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ 371ಜೆ ಕಲಮಿಗೆ ಸಂಸತ್ತು ಒಪ್ಪಿತು. ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಮಕ್ಕಳಿಗೆ ಮೀಸಲಾತಿ. ಪಕ್ಕದ ಹರಪನಹಳ್ಳಿಯ ಮಕ್ಕಳಿಗೆ ಇಲ್ಲ. ಅದೇ ಬಿಸಿಲು, ಅದೇ ಬರ, ಆದರೆ ಜಿಲ್ಲೆ ಬೇರೆ! ಹಿಂದುಳಿದಿರುವಿಕೆ ಗಡಿಕಲ್ಲು ನೋಡಿ ನಿಲ್ಲುತ್ತದೆಂದು ಆಗ ತಿಳಿಯಿತು.

ಜನ ಬೀದಿಗಿಳಿದರು. 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ. ಪೆಟ್ಟಿಗೆ ಇಳಿಸುವಷ್ಟರಲ್ಲಿ 2021 ಬಂತು. ವಿಜಯನಗರ ಜಿಲ್ಲೆ ಹುಟ್ಟಿ ಹರಪನಹಳ್ಳಿ ಅದರ ಕೇಂದ್ರವಾದ ಹೊಸಪೇಟೆಯ ಕಡೆ ಮುಖ ಮಾಡಿತು. ಸಂಸದರು ಮಾತ್ರ ಇಂದಿಗೂ ದಾವಣಗೆರೆಯವರೇ. ಜಿಲ್ಲಾಧಿಕಾರಿ ಒಂದು ದಿಕ್ಕಿಗೆ, ಎಂಪಿ ಇನ್ನೊಂದು ದಿಕ್ಕಿಗೆ. ಅರ್ಜಿದಾರ ನಡುವಿನ ಬಸ್ ಸ್ಟ್ಯಾಂಡಿನಲ್ಲಿ.

ಕೊಟ್ಟೂರಿನವರಿಗೆ ಓಡುವ ಯೋಗವಿರಲಿಲ್ಲ, ಕಾಯುವ ಯೋಗವಿತ್ತು. ಕೂಡ್ಲಿಗಿಯ ಮಡಿಲಿನಲ್ಲಿ ಕೂತು ತಾಲ್ಲೂಕು ಬೇಕು, ತಾಲ್ಲೂಕು ಬೇಕು ಎಂದು ಕೂಗಿ ಕೂಗಿ 2018ರಲ್ಲಿ ಪಡೆದರು. ಬೋರ್ಡು ಮೊದಲು ಬಂತು. ಬೋರ್ಡಿನ ಹಿಂದೆ ಇರಬೇಕಾದ ಕಚೇರಿಗಳು ಒಂದೊಂದಾಗಿ, ಮೆಲ್ಲಗೆ.

ಈ ಓಡಾಟದಲ್ಲಿ ಉದ್ಧಾರವಾದವರೆಂದರೆ ಬೋರ್ಡು ಬರೆಯುವವರು, ರಬ್ಬರ್ ಸ್ಟ್ಯಾಂಪ್ ಮಾಡುವವರು. ಅಧಿಕಾರಿಗಳಿಗಂತೂ ಗಡಿ ವರವಾಯಿತು. ಹಿಂದೆಲ್ಲ ‘ನಾಳೆ ಬಾ’ ಎನ್ನಬೇಕಿತ್ತು; ಈಗ ‘ನಿಮ್ಮ ಫೈಲು ಹಳೇ ಜಿಲ್ಲೆಯಿಂದ ಬಂದಿಲ್ಲರೀ’ ಎಂದರೆ ಸಾಕು. ಯಾವ ಹಳೇ ಜಿಲ್ಲೆ ಎಂದು ಕೇಳಿದರೆ ಅದಕ್ಕೇ ಇನ್ನೊಂದು ಅರ್ಜಿ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ಎಂಬ ಭವಿಷ್ಯವಾಣಿ ನುಡಿಯುತ್ತಾನೆ. ಒಂದೇ ಸಾಲು. ಆಳುವವರು ಅದರಲ್ಲಿ ತಮ್ಮ ಕುರ್ಚಿ ಗಟ್ಟಿಯಾದದ್ದನ್ನು ಕೇಳುತ್ತಾರೆ, ವಿರೋಧಿಗಳು ಅದು ಮುರಿದದ್ದನ್ನು. ಕೆಳಗೆ ನಿಂತ ರೈತ ಮಳೆ ಬೆಳೆಯ ಮಾತು ಕೇಳಲು ಬಂದಿರುತ್ತಾನೆ. ಅವನ ಅರ್ಥವನ್ನು ಯಾವ ಟಿವಿಯೂ ಚರ್ಚೆಗೆ ಕೂರಿಸುವುದಿಲ್ಲ.

ಗಡಿಯ ಗದ್ದಲದಲ್ಲೂ ಆ ರೈತನ ಮಾತು ಕೇಳುವವರಿಲ್ಲ. ಗಡಿ ಬದಲಿಸುವುದು ಅಗ್ಗದ ಆಡಳಿತ. ಅದಕ್ಕೆ ಕಾಲುವೆ ತೋಡಬೇಕಿಲ್ಲ, ಡಾಕ್ಟರರನ್ನು ನೇಮಿಸಬೇಕಿಲ್ಲ. ಒಂದು ಅಧಿಸೂಚನೆ, ಒಂದು ಹಾರ, ಒಂದು ವೇದಿಕೆ ಸಾಕು. ಮುಂದಿನ ಚುನಾವಣೆಗೆ ಯಾರಾದರೂ ಹೊಸ ನಕ್ಷೆ ಹಿಡಿದು ಬಂದರೆ, ನಕ್ಷೆ ಅತ್ತ ಸರಿಸಿ, ಕೆರೆಗೆ ನೀರು ಯಾವ ತಾರೀಖಿಗೆ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ, ಕೆಳಗೆ ಸಹಿ ಹಾಕಿಸಿಕೊಳ್ಳಿ.