ಏನೂ ಕಟ್ಟದಿರಲು ಹತ್ತು ಲಕ್ಷ

ಏನನ್ನೂ ಕಟ್ಟದೆ ಇರುವುದಕ್ಕೆ ಹತ್ತು ಲಕ್ಷ ರೂಪಾಯಿ ಕೊಡಿ ಎಂದು ಕೇಳುವುದು ನನ್ನ ಉದ್ಯೋಗ. ನಮ್ಮದು ಪರಿಸರ ಸಂರಕ್ಷಣೆಯ ಸಣ್ಣದೊಂದು ಸಂಸ್ಥೆ. ಕಪ್ಪೆಯ ಕೂಗು ಹಿಡಿಯುವವರು, ಹಕ್ಕಿ ಎಣಿಸುವವರು, ಕಡಲಾಮೆಯ ಗೂಡಿಗೆ ಕಾವಲು ಕೂರುವವರು ಬೇರೆ ಇದ್ದಾರೆ. ದುಡ್ಡಿದ್ದವರನ್ನು ಹುಡುಕುವವನು ನಾನು. ಅವರು ಹುಡುಕುವ ಜೀವಿಗಳಿಗಿಂತ ನನ್ನವು ಅಪರೂಪ, ಹೆಜ್ಜೆ ಸಪ್ಪಳ ಕೇಳಿದರೆ ಅಡಗಿಕೊಳ್ಳುವುದೂ ಬೇಗ. ಮಳೆಗಾಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಮೇ ತಿಂಗಳಲ್ಲಿ ಮದುವೆ, ನೇಮ, ಗೃಹಪ್ರವೇಶಗಳಿಗೆಂದು ಮುಂಬಯಿ, ದುಬೈಗಳಿಂದ ವಲಸೆ ಬರುತ್ತವೆ. ಆಗಲೇ ನೋಡಿಕೊಳ್ಳಬೇಕು.

ಉಡುಪಿಯವರು ಕೊಡುವವರಲ್ಲ ಎಂದರೆ ನಾಲಗೆ ಬಿದ್ದುಹೋದೀತು. ಪರ್ಯಾಯ ಬಂತೆಂದರೆ ಹೊರೆಕಾಣಿಕೆಯ ಲಾರಿಗಳಿಗೆ ದಾರಿ ಸಾಲುವುದಿಲ್ಲ. ಕಾಪುವಿನ ಹೊಸ ಮಾರಿಗುಡಿ ಇಳಕಲ್ಲಿನ ಕೆಂಪುಕಲ್ಲಿನಲ್ಲಿ ಎದ್ದುನಿಂತು 2025ರಲ್ಲಿ ಬ್ರಹ್ಮಕಲಶ ಕಂಡಿತಲ್ಲ, ಅಲ್ಲಿ ನಾನು ಅರ್ಧ ಭಕ್ತಿಯಿಂದಲೂ ಅರ್ಧ ವೃತ್ತಿಮಾತ್ಸರ್ಯದಿಂದಲೂ ಕೈಮುಗಿದಿದ್ದೇನೆ. ಕೊಡುವ ಕೈಗೆ ಇಲ್ಲಿ ಬರವಿಲ್ಲ. ಆದರೆ ಕೊಟ್ಟದ್ದು ಕಾಣಬೇಕು. ಕಲ್ಲಾಗಿ, ಕಂಬವಾಗಿ, ಏನೂ ಇಲ್ಲದಿದ್ದರೆ ಸಭಾಭವನದ ಫ್ಯಾನಿನ ರೆಕ್ಕೆಯಾಗಿಯಾದರೂ. ತಿರುಗುವಾಗ ಹೆಸರು ಓದಲು ಬಾರದು ನಿಜ, ಆದರೆ ನಮ್ಮಲ್ಲಿ ಕರೆಂಟು ಆಗಾಗ ಹೋಗುತ್ತದೆ. ಕಪ್ಪೆಯ ಮೇಲೆ ಹೆಸರು ಎಲ್ಲಿ ಬರೆಸುವುದು?

ಹಳೆಯದನ್ನು ಉಳಿಸುವ ಕೆಲಸದಲ್ಲೂ ಪುಣ್ಯವಂತರಿದ್ದಾರೆ. ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕ್ ನೌಕರರಾಗಿದ್ದುಕೊಂಡೇ ಹಸ್ತಶಿಲ್ಪದ ಹುಚ್ಚು ಹಚ್ಚಿಕೊಂಡರು. ಕೆಡವಲು ಹೊರಟ ಚೌಕಿಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರೂ ದುಡ್ಡಿಗಾಗಿ ಬೇಕಷ್ಟು ಅಲೆದರು. ಆದರೂ ನೆರವು ಕೊಟ್ಟವರನ್ನು ಕರೆತಂದು, ಈ ಕಂಬ ಮುಟ್ಟಿ ನೋಡಿ ಎನ್ನಬಹುದಿತ್ತು. ನನ್ನ ಹತ್ತಿರ ಇರುವುದು ಮುರಕಲ್ಲಿನ ಒಂದು ಪಾದೆ.

ಕಾರ್ಕಳದ ಕಡೆಯ ಈ ಪಾದೆ ಬೇಸಗೆಯಲ್ಲಿ ಕಪ್ಪಗೆ ಸುಟ್ಟಂತಿರುತ್ತದೆ. ಮಳೆ ಹಿಡಿದು ತಿಂಗಳಾದರೆ ಬೆರಳುದ್ದದ ಗಿಡಗಳಲ್ಲಿ ನೀಲಿ, ಹಳದಿ, ಬಿಳಿ ಹೂವು. ಎಲೆಯ ಅಂಟಿನಲ್ಲಿ ಹುಳು ಹಿಡಿದು ತಿನ್ನುವ ಡ್ರೊಸೆರಾ ಕೂಡ ಇದೆ. ಅಲ್ಲಿ ಇಂಗಿದ ನೀರು ಕೆಳಗಿನ ಬಾವಿಗಳಿಗೆ ಇಳಿಯುತ್ತದೆ. ಕಲ್ಲುಕೋರೆಯವರ ಕೈಗೆ ಹೋಗುವ ಮೊದಲು ಅದನ್ನು ಕೊಂಡು, ಇದ್ದ ಹಾಗೇ ಬಿಡಬೇಕೆಂದು ನಮ್ಮ ಯೋಜನೆ.

"ಕೊಂಡ ಮೇಲೆ ಎಂತ ಮಾಡ್ತೀರಿ?" ಮಣಿಪಾಲದ ಧನಿಗಳೊಬ್ಬರು ಕೇಳಿದರು.

"ಎಂತ ಇಲ್ಲ."

"ಈ ಮಣಿಪಾಲ ಸಹ ಹೀಗೇ ಬೋಳುಗುಡ್ಡೆ ಆಗಿದ್ದದ್ದು ಮಾರಾಯ್ರೆ. ಟಿ.ಎಂ.ಎ. ಪೈಗಳು 1953ರಲ್ಲಿ ಮೆಡಿಕಲ್ ಕಾಲೇಜು ಮಾಡುವುದು ಬಿಟ್ಟು ನಿಮ್ಮ ಹಾಗೆ ಹೂ ನೋಡ್ತಾ ಕೂತಿದ್ದರೆ?"

ನಾನು ಹುಟ್ಟಿದ್ದೇ ಆ ಕಾಲೇಜಿನ ಆಸ್ಪತ್ರೆಯಲ್ಲಿ. ಉತ್ತರ ಹೊಳೆಯಲಿಲ್ಲ.

ಪೈಗಳಿಂದ ನನಗಾದ ತೊಂದರೆ ಇನ್ನೂ ಒಂದಿದೆ. ಅವರ ಬ್ಯಾಂಕು 1928ರಲ್ಲಿ ಪಿಗ್ಮಿ ಶುರುಮಾಡಿ, ಮನೆಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕಟ್ಟಿಸಿಕೊಳ್ಳುವ ಕ್ರಮ ತಂದಿತು. ಹಾಗಾಗಿ ಚೀಲ ಹಿಡಿದವನು ಮೆಟ್ಟಿಲೇರಿದರೆ ಇಲ್ಲಿ ಯಾರೂ ಗಾಬರಿಯಾಗುವುದಿಲ್ಲ, ಬಡ್ಡಿ ಎಷ್ಟು ಎಂದು ಕೇಳುತ್ತಾರೆ. ಕಡಲಾಮೆಯ ಸಾವಿರ ಮರಿಗಳಲ್ಲಿ ದೊಡ್ಡದಾಗಿ ಬದುಕುವುದು ಸುಮಾರು ಒಂದು ಎಂದು ಒಮ್ಮೆ ಒಬ್ಬರಿಗೆ ಪ್ರಾಮಾಣಿಕವಾಗಿ ಹೇಳಿದೆ. "ಮುಳುಗಿದ ಸೊಸೈಟಿಯವರೂ ಇದಕ್ಕಿಂತ ಹೆಚ್ಚು ವಾಪಸು ಕೊಟ್ಟಿದ್ದಾರೆ" ಎಂದರು.

ದೊಡ್ಡ ಮೊತ್ತ ಕೇಳುವುದಕ್ಕೂ ಒಂದು ಶಾಸ್ತ್ರವಿದೆ. ಮೊತ್ತ ಹೇಳಿದ ಕೂಡಲೇ ಬಾಯಿ ಮುಚ್ಚಬೇಕು, ಮೊದಲು ಮಾತಾಡಿದವನು ಸೋತ ಎಂದು ಬೆಂಗಳೂರಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕಾಪುವಿನ ಒಂದು ಚಾವಡಿಯಲ್ಲಿ ಪ್ರಯೋಗಿಸಿದೆ. "ಹತ್ತು ಲಕ್ಷ" ಎಂದು ಸುಮ್ಮನಾದೆ. ಒಳಗಿನಿಂದ ಮನೆಯ ಅಮ್ಮ, "ಅವರಿಗೆ ಬೆಲ್ಲ ನೀರು ಕೊಡಿ, ಗಂಟಲು ಕಟ್ಟಿದ ಹಾಗುಂಟು" ಎಂದರು. ಬೆಲ್ಲ ನೀರು ಬಂತು, ಹಿಂದೆಯೇ ನೀರುದೋಸೆ ಬಂತು. ಬಾಯಿ ತುಂಬಿರುವಾಗಿನ ಮೌನ ಶಾಸ್ತ್ರದ ಲೆಕ್ಕಕ್ಕೆ ಸೇರುವುದಿಲ್ಲ. ಆಮೇಲೆ ನನ್ನ ಅಜ್ಜಿಯ ತವರುಮನೆಯ ವಿಚಾರಣೆ ನಡೆದು, ನಾವು ದೂರದ ನೆಂಟರೆಂದು ಸಾಬೀತಾಯಿತು. ನೆಂಟರ ಹತ್ತಿರ ಹತ್ತು ಲಕ್ಷ ಕೇಳುವುದುಂಟೇ? ಹತ್ತು ಸಾವಿರದ ಚೆಕ್ಕು, ಒಂದು ಬಾಳೆಗೊನೆ ಹಿಡಿದು ಬಂದೆ. ಗೊನೆಗೆ ತೆರಿಗೆ ರಿಯಾಯಿತಿಯ 80ಜಿ ರಶೀದಿ ಹರಿಯಲು ಬರುವುದಿಲ್ಲ.

ಕಾನೂನಿನ ತಮಾಷೆಯೇ ಬೇರೆ. ಒಂದೇ ಮನೆಯ ಅಣ್ಣತಮ್ಮಂದಿರು ಅಮೆರಿಕದಲ್ಲಿದ್ದಾರೆ ಎನ್ನಿ. ತಮ್ಮನದು ಇನ್ನೂ ಭಾರತದ ಪಾಸ್‌ಪೋರ್ಟ್, ಅವನ ಸ್ವಂತ ಉಳಿತಾಯ ಸ್ವದೇಶಿ. ಅಣ್ಣ ಅಲ್ಲಿಯ ಪೌರನಾದ, ಅವನ ಹಣ ವಿದೇಶಿ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ಪ್ರಕಾರ ಅದು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯಶಾಖೆಗೇ ಮೊದಲು ಬಂದಿಳಿಯಬೇಕು. ಇನ್ನು ಕಂಪೆನಿಗಳು. ಮೂರು ವರ್ಷದ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು 2013ರ ಕಂಪೆನಿ ಕಾಯ್ದೆ ದೊಡ್ಡ ಕಂಪೆನಿಗಳಿಗೆ ಹೇಳಿದೆ. ಒಂದು ಕಂಪೆನಿಯವರು ಪಾದೆಯ ಚಿತ್ರ ನೋಡಿ ಮರುಗಿ, ಜೂನ್ 5ಕ್ಕೆ ಅಲ್ಲಿ ಐದು ಸಾವಿರ ಸಸಿ ನೆಡೋಣ, ಟೀ ಶರ್ಟು ನಾವೇ ತರುತ್ತೇವೆ ಎಂದರು. ಕಲ್ಲಿನಲ್ಲಿ ಕುಳಿ ತೋಡಲು ಜೆಸಿಬಿ ಸಹ ಅವರದೇ.

ಕೊನೆಗೆ ಒಲಿದವರು ಕಾರ್ಕಳದ ಹಿರಿಯರೊಬ್ಬರು. ಮಕ್ಕಳೆಲ್ಲ ಹೊರಗೆ, ಇವರಿಗೆ ಶಾಸನ ಓದುವ ಖಯಾಲಿ. "ವೀರಪಾಂಡ್ಯ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ, ಭೈರರಸ 1586ರಲ್ಲಿ ಚತುರ್ಮುಖ ಬಸದಿ ಕಟ್ಟಿಸಿದ. ಇವತ್ತಿಗೂ ಹೆಸರುಂಟು. ನಿಮ್ಮ ಪಾದೆಗೆ ಎಂತ ಉಂಟು?" ಎಂದರು. ನಾನು ಡ್ರೊಸೆರಾ ಎನ್ನುವಷ್ಟರಲ್ಲಿ ಕೈ ಎತ್ತಿದರು. ಹೆಸರು ಅವರಿಗೆ ಬೇಡವಂತೆ. ಹಳೆಯ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪ ಬೇಕಂತೆ: ಈ ದಾನವನ್ನು ಕೆಡಿಸಿದವರು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟಲಿ. "ಅಗ್ರಿಮೆಂಟಿನಲ್ಲಿ ಇದನ್ನು ಸೇರಿಸಿ ತನ್ನಿ, ಹತ್ತು ಲಕ್ಷಕ್ಕೆ ನಾಳೆಯೇ ಸಹಿ ಹಾಕ್ತೇನೆ."

ಕರಡು ಹಿಡಿದು ನಮ್ಮ ಆಡಿಟರ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ ಆ ಕಲಮನ್ನು ಎರಡು ಸಲ ಓದಿದರು. ಹುಳುವಿನ ಬಗ್ಗೆ ಅವರ ತಕರಾರೇನೂ ಇರಲಿಲ್ಲ.

"80ಜಿ ನೋಂದಣಿ ಐದು ವರ್ಷಕ್ಕೆ ಮಾತ್ರ ಮಾರಾಯ್ರೆ. ಅರವತ್ತು ಸಾವಿರ ವರ್ಷ ಎಂದರೆ ಹನ್ನೆರಡು ಸಾವಿರ ಸಲ ನವೀಕರಣ. ನನ್ನ ಫೀಸು ಬೇರೆ."